ಎರಡಡಿ ಟ್ಯಾಂಕಿಗೆ ಯಾವ ಯಾವ ಮೀನು ಒಟ್ಟಿಗೆ ಬಿಡಬಹುದು?

ನಿಮ್ಮ ಪ್ರಶ್ನೆ ಓದಿದೆ. ಮಗಳಿಗೋಸ್ಕರ ಎರಡಡಿ ಟ್ಯಾಂಕ್ ತಂದಿದ್ದೀರಿ, ಇರೋದು ಬೆಂಗಳೂರು, ಮನೆಗೆ ಬರೋದು ಬೋರ್‌ವೆಲ್ ನೀರು. ಅಂಗಡಿಯವರು ಎರಡು ಗೋಲ್ಡ್‌ಫಿಶ್, ಎರಡು ಏಂಜೆಲ್, ನಾಲ್ಕು ಟೈಗರ್ ಬಾರ್ಬ್, ಒಂದಷ್ಟು ಗಪ್ಪಿ, ಪಾಚಿ ತಿನ್ನೋಕೆ ಒಂದು ಸಕ್ಕರ್ ತಗೊಳ್ಳಿ ಅಂದಿದ್ದಾರೆ. ಇವು ಹೊಂದಿಕೊಳ್ಳುತ್ತವಾ ಅಂತ ಕೇಳಿದ್ದೀರಿ.

ಹೊಂದಿಕೊಳ್ಳಲ್ಲ. ಇನ್ನೂ ಮೀನು ತಂದಿಲ್ಲ ಅನ್ನೋದೇ ಒಳ್ಳೆಯದಾಯ್ತು.

ಇದೇ ತಪ್ಪನ್ನ ನಾನೂ ಮಾಡಿದ್ದೆ. ನನ್ನ ಮೊದಲ ಟ್ಯಾಂಕಿನಲ್ಲಿ ಒಂದು ಬಿಳಿ ಏಂಜೆಲ್ ಜೊತೆ ನಾಲ್ಕು ಟೈಗರ್ ಬಾರ್ಬ್ ಬಿಟ್ಟಿದ್ದೆ. ಏಂಜೆಲ್ ಹೊಟ್ಟೆಯ ಕೆಳಗೆ ದಾರದ ಹಾಗೆ ಎರಡು ಉದ್ದನೆಯ ರೆಕ್ಕೆ ಇಳಿಬಿದ್ದಿರುತ್ತವಲ್ಲ, ಬಾರ್ಬ್‌ಗಳಿಗೆ ಅದರ ಮೇಲೇ ಕಣ್ಣು. ಮೂರನೇ ದಿನ ಬೆಳಿಗ್ಗೆ ಲೈಟ್ ಹಾಕಿದರೆ ಒಂದು ದಾರ ಅರ್ಧಕ್ಕೇ ತುಂಡಾಗಿತ್ತು, ಬಾಲದ ಅಂಚು ಹರಿದ ಬಟ್ಟೆಯ ಹಾಗಿತ್ತು. ಏಂಜೆಲ್ ಫಿಲ್ಟರ್ ಹಿಂದಿನ ಮೂಲೆ ಸೇರಿಕೊಂಡು ಮೇವು ಹಾಕಿದರೂ ಹೊರಗೆ ಬರಲಿಲ್ಲ. ಹತ್ತು ದಿನಕ್ಕೆ ಹೋಯಿತು. ಬಾರ್ಬ್‌ಗಳನ್ನ ಕೆಟ್ಟ ಮೀನು ಅಂತ ನಾನು ಹೇಳಲ್ಲ. ಎಂಟು ಹತ್ತು ಒಟ್ಟಿಗಿದ್ದರೆ ಆ ಚೇಷ್ಟೆಯೆಲ್ಲ ಹೆಚ್ಚಾಗಿ ತಮ್ಮತಮ್ಮಲ್ಲೇ ತೀರಿಹೋಗುತ್ತೆ. ಮೂರು ನಾಲ್ಕೇ ಇದ್ದಾಗ ಪಕ್ಕದವರ ಮೇಲೆ ಬೀಳುತ್ತವೆ. ಎಷ್ಟೇ ಇದ್ದರೂ ಉದ್ದ ರೆಕ್ಕೆಯ, ನಿಧಾನಕ್ಕೆ ಈಜುವ ಮೀನಿನ ಜೊತೆ ಅವನ್ನ ಬಿಡಬೇಡಿ. ಗಪ್ಪಿಯ ಬಾಲಕ್ಕೂ ಅದೇ ಗತಿ.

ಇನ್ನು ಗೋಲ್ಡ್‌ಫಿಶ್. ಅದು ತಣ್ಣೀರಿನ ಮೀನು, ಉಳಿದವಕ್ಕೆಲ್ಲ 24ರಿಂದ 27 ಡಿಗ್ರಿ ಬೇಕು. ಅಂಗಡಿಯಲ್ಲಿ ಎರಡು ಇಂಚು ಕಾಣುವ ಮೀನು ಅಂಗೈಯಷ್ಟಾಗುತ್ತೆ, ಗಲೀಜು ಮಾಡುವುದೂ ಜಾಸ್ತಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದರೆ ಲೆಕ್ಕಕ್ಕೆ 56 ಲೀಟರ್. ಕಲ್ಲು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ಉಳಿಯೋದು 45. ಎರಡು ಗೋಲ್ಡ್‌ಫಿಶ್‌ಗೇ ಅದು ಸಾಲದು. ಸಕ್ಕರ್ ಅಂತೂ ಬೇಡವೇ ಬೇಡ. ಅದು ಒಂದಡಿ ದಾಟಿ ಬೆಳೆಯುವ ಮೀನು, ದೊಡ್ಡದಾದ ಮೇಲೆ ಪಾಚಿ ತಿನ್ನೋದೂ ಕಮ್ಮಿ. ಸಾಕಲಾಗದೆ ಜನ ಕೆರೆಗೆ ಬಿಟ್ಟು ಬಿಟ್ಟು ನಮ್ಮ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಅದು ಬೇರೂರಿಬಿಟ್ಟಿದೆ, ಬಲೆ ಹರಿದು ಮೀನುಗಾರರಿಗೆ ನಷ್ಟ ಮಾಡುತ್ತಿದೆ. ಯಾರಾದರೂ ಉಡುಗೊರೆ ಅಂತ ತಂದುಕೊಟ್ಟರೆ ಅಂಗಡಿಗೇ ವಾಪಸ್ ಕೊಡಿ, ಕೆರೆಗೆ ಮಾತ್ರ ಬೇಡ.

ಹಾಗಾದರೆ ಯಾವುದು ತರಬೇಕು? ಮೀನಿನ ಬಣ್ಣ ನೋಡುವ ಮುಂಚೆ ನಿಮ್ಮ ಮನೆಯ ಬಕೆಟ್ ನೋಡಿ. ಒಳಗೆ ಬಿಳಿ ಕಲೆ ಕಟ್ಟಿ ತಿಕ್ಕಿದರೂ ಹೋಗುತ್ತಿಲ್ಲವಾ? ಅದು ಗಡಸು ನೀರು. ಗಪ್ಪಿ, ಪ್ಲಾಟಿ, ಮೋಲಿಗಳಿಗೆ ಅದು ಹೇಳಿ ಮಾಡಿಸಿದ ನೀರು. ನಿಯಾನ್ ಟೆಟ್ರಾ ಎಲ್ಲರಿಗೂ ಇಷ್ಟ, ಆದರೆ ಅದರ ಮೂಲ ಅಮೆಜಾನಿನ ಮೆದು ನೀರು. ಬೋರ್‌ವೆಲ್ ನೀರಲ್ಲಿ ಅದನ್ನ ಉಳಿಸಿಕೊಳ್ಳಲು ಒದ್ದಾಡುವುದಕ್ಕಿಂತ ಇರುವ ನೀರಿಗೆ ಒಗ್ಗುವ ಮೀನನ್ನೇ ತರೋದು ವಾಸಿ. ಹಾಗಂತ ಬರೀ ಆರ್‌ಒ ನೀರು ತುಂಬಬೇಡಿ, ಅದರಲ್ಲಿ ಮೀನಿಗೆ ಬೇಕಾದ ಲವಣಗಳೇ ಇರಲ್ಲ.

ನಾನಾಗಿದ್ದರೆ ನಿಮ್ಮ ಟ್ಯಾಂಕಿಗೆ ಆರು ಗಂಡು ಗಪ್ಪಿ, ತಳದಲ್ಲಿ ಓಡಾಡಲು ಆರು ಬ್ರಾಂಜ್ ಕೋರಿಡೋರಸ್ ತರುತ್ತಿದ್ದೆ, ಅಷ್ಟೇ. ಗಪ್ಪಿ ಮೇಲೆ ಮಧ್ಯೆ ಆಡುತ್ತೆ, ಕೋರಿ ಕೆಳಗೆ ಮೀಸೆಯಲ್ಲಿ ಮರಳು ಕೆದಕುತ್ತೆ, ಒಂದರ ತಂಟೆಗೆ ಒಂದು ಹೋಗಲ್ಲ. ಗಂಡು ಮಾತ್ರ ಯಾಕೆ ಅಂದರೆ ಹೆಣ್ಣು ಗಪ್ಪಿ ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಮರಿ ಹಾಕುತ್ತೆ. ಅಂಗಡಿಯಿಂದ ಬರುವಾಗಲೇ ಬಸುರಾಗಿರುತ್ತೆ, ಗಂಡಿಲ್ಲದಿದ್ದರೂ ಮುಂದಿನ ಕೆಲವು ತಿಂಗಳು ಮರಿ ಬರುತ್ತಲೇ ಇರುತ್ತವೆ. ಮರಿ ನೋಡುವ ಆಸೆ ಮಗಳಿಗಿದ್ದರೆ ಒಂದು ಗಂಡಿಗೆ ಮೂರು ಹೆಣ್ಣಿನ ಹಾಗೆ ತನ್ನಿ, ಜಾಗ ಸಾಲದಾದಾಗ ಯಾರಿಗೆ ಕೊಡುತ್ತೀರಿ ಅನ್ನೋದನ್ನ ಮೊದಲೇ ಯೋಚಿಸಿಡಿ. ಕೋರಿ ಇದ್ದರೆ ಚೂಪು ಜಲ್ಲಿ ಬೇಡ, ಮೀಸೆ ಸವೆದುಹೋಗುತ್ತೆ. ನುಣುಪು ಮರಳು ಹಾಕಿ. ಹೀಟರ್ ಬೇಡ ಅನಿಸಿದರೆ ಎಂಟು ಜೀಬ್ರಾ ಡೇನಿಯೊ ಜೊತೆ ನಾಲ್ಕು ಪ್ಲಾಟಿ ಬಿಡಬಹುದು. ಡೇನಿಯೊ ನಮ್ಮ ದೇಶದ ಹೊಳೆಗಳದೇ ಮೀನು, ಬೆಂಗಳೂರಿನ ಡಿಸೆಂಬರ್ ಚಳಿ ಮನೆಯೊಳಗೆ ತಡೆದುಕೊಳ್ಳುತ್ತೆ.

ಅಂಗಡಿಯಲ್ಲಿ ಮಿಸ್ ಕೇರಳ ತೋರಿಸಿದರೆ ಮನಸ್ಸು ಕರಗದೇ ಇರಲ್ಲ, ಮೈಮೇಲೆ ಕೆಂಪು ಗೆರೆಯ ಆ ಮೀನು ಅಷ್ಟು ಚೆಂದ. ಕೇರಳ ಮತ್ತು ನಮ್ಮ ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳಲ್ಲಿ ಮಾತ್ರ ಇರುವ, ಅಳಿವಿನಂಚಿನ ಪಟ್ಟಿಗೆ ಸೇರಿದ ಮೀನು ಅದು. ಅದರ ಗುಂಪಿಗೆ ನಾಲ್ಕಡಿ ಟ್ಯಾಂಕಾದರೂ ಬೇಕು. ಈಗ ಬೇಡ.

ಟ್ಯಾಂಕ್ ತುಂಬಿಸಿದ ದಿನವೇ ಮೀನು ಬಿಡಬೇಡಿ. ಮೀನಿನ ಗಲೀಜಿನಿಂದ, ತಿನ್ನದೆ ಉಳಿದ ಮೇವಿನಿಂದ ಅಮೋನಿಯ ಆಗುತ್ತೆ, ಅದು ವಿಷ. ಅದನ್ನ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಫಿಲ್ಟರ್ ಓಡಿಸಿ, ದಿನಕ್ಕೆ ಒಂದು ಚಿಟಿಕೆ ಮೇವು ಖಾಲಿ ಟ್ಯಾಂಕಿಗೇ ಹಾಕುತ್ತಾ ಬನ್ನಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಮೇಲೇರಿ ಮತ್ತೆ ಸೊನ್ನೆಗೆ ಇಳಿದ ಮೇಲೆ ಅಂಗಡಿಗೆ ಹೋಗಿ. ಮಧ್ಯೆ ನಲ್ಲಿಯ ಕಾವೇರಿ ನೀರು ಬಳಸಿದರೆ, ಅದರಲ್ಲಿನ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಹಾಕೋದು ಮರೆಯಬೇಡಿ.

ಮೊದಲು ಗಪ್ಪಿ ತನ್ನಿ, ಎರಡು ವಾರ ಬಿಟ್ಟು ಕೋರಿ. ಕವರ್ ಬಿಚ್ಚದೆ ಇಪ್ಪತ್ತು ನಿಮಿಷ ಟ್ಯಾಂಕಿನ ನೀರಲ್ಲಿ ತೇಲಿಬಿಡಿ, ಆಮೇಲೆ ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ಕವರಿಗೆ ಸೇರಿಸಿ, ಬಲೆಯಲ್ಲಿ ಮೀನನ್ನ ಮಾತ್ರ ಎತ್ತಿ ಬಿಡಿ. ಮಗಳಿಗೆ ಆತುರ ಇರುತ್ತೆ, ಆದರೂ ಆ ರಾತ್ರಿ ಲೈಟ್ ಆರಿಸಿಯೇ ಇಡಿ, ಮೇವು ಮಾರನೇ ದಿನ ಹಾಕಲಿ.