ಎರಡನೆಯ ದಿನದ ಬೆಳಗ್ಗೆಯೇ ನಿಜವಾದ ಪರೀಕ್ಷೆ

ಪ್ರಶ್ನೆ: ನಾನು ಇಳಕಲ್ಲಿನವನು, ವಯಸ್ಸು 41. ಸೀರೆ ವ್ಯಾಪಾರಿಯಾದ್ದರಿಂದ ದಿನವಿಡೀ ಗಾದಿಯ ಮೇಲೆ ಕುಳಿತೇ ಕೆಲಸ. ಎರಡು ವರ್ಷಗಳಿಂದ ನಸುಕಿನಲ್ಲಿ 20 ಕಿ.ಮೀ. ಸೈಕಲ್ ತುಳಿಯುತ್ತಿದ್ದೇನೆ. ಅಕ್ಟೋಬರ್ ಮೊದಲ ವಾರದಲ್ಲಿ ಶ್ರೀನಗರದಿಂದ ಹೊರಟು ಕನ್ಯಾಕುಮಾರಿ ಮುಟ್ಟಬೇಕೆಂಬ ಆಸೆಯಿದೆ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ 50 ದಿನ ಬಿಡುವು ಮಾಡಿಕೊಳ್ಳಬಲ್ಲೆ. ದಿನಕ್ಕೆ 120 ಕಿ.ಮೀ. ಹೋಗಬಹುದೇ? ನನ್ನಲ್ಲಿರುವ 15 ಕಿಲೋ ತೂಕದ ಗೇರ್ ಸೈಕಲ್ ಸಾಕೇ, ಅಥವಾ ಗೆಳೆಯರು ಹೇಳುವಂತೆ ಕಾರ್ಬನ್ ಸೈಕಲ್ ಕೊಳ್ಳಬೇಕೇ? ಉಳಿದಿರುವ ನಾಲ್ಕು ತಿಂಗಳಲ್ಲಿ ಹೇಗೆ ತಯಾರಾಗಬೇಕು?

ಉತ್ತರ: ನಿಮ್ಮ ಸೈಕಲ್ ಸಾಕು. ಕಾರ್ಬನ್ ಫ್ರೇಮಿನ ಸೈಕಲ್‌ಗಳು ಹೆಚ್ಚಾಗಿ ಪಂದ್ಯಕ್ಕೆಂದು ಮಾಡಿದವು. ಅವುಗಳಲ್ಲಿ ಬಹಳಷ್ಟಕ್ಕೆ ಕ್ಯಾರಿಯರ್ ಬಿಗಿಯಲು ತೂತುಗಳೇ ಇರುವುದಿಲ್ಲ, ದಾರಿಯಲ್ಲಿ ಬಿರುಕು ಬಿಟ್ಟರೆ ಯಾವ ಊರಿನ ವೆಲ್ಡಿಂಗ್ ಅಂಗಡಿಯವರೂ ಅದನ್ನು ಕೂಡಿಸಿಕೊಡಲಾರರು. ಆ ಹಣದ ಸಣ್ಣ ಪಾಲನ್ನು 35 ಮಿ.ಮೀ. ಅಗಲದ ಗಟ್ಟಿ ಟೈರುಗಳಿಗೆ, ಹೊಸ ಚೈನಿಗೆ ಮತ್ತು ನುರಿತ ಕೈಯಿಂದ ಹಿಂದಿನ ಚಕ್ರದ ಕಡ್ಡಿಗಳನ್ನೆಲ್ಲ ಸಮನಾಗಿ ಬಿಗಿಸುವುದಕ್ಕೆ ಖರ್ಚು ಮಾಡಿರಿ. ಗೇರಿನಲ್ಲಿ ಗಮನಿಸಬೇಕಾದದ್ದು ಒಂದೇ: ಮುಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕಿಂತ ಹಿಂದಿನ ಅತಿ ದೊಡ್ಡ ಹಲ್ಲುಚಕ್ರದಲ್ಲಿ ಹಲ್ಲುಗಳು ಹೆಚ್ಚಾಗಿರಲಿ. ಮುಂದೆ 30, ಹಿಂದೆ 34 ಇದ್ದರೆ ಹೊರೆ ಹೊತ್ತ ಸೈಕಲ್ಲೂ ಘಟ್ಟ ಏರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಸೈಕಲ್ ಅಲ್ಲ, 120 ಎಂಬ ಅಂಕಿ. ಒಂದು ದಿನ 120 ಕಿ.ಮೀ. ತುಳಿಯುವುದನ್ನು ನಿಮ್ಮಂಥವರು ಎರಡು ತಿಂಗಳಲ್ಲಿ ಸಾಧಿಸಬಹುದು. ಆದರೆ ಮರುದಿನ ಬೆಳಗ್ಗೆ, ನೊಂದ ಮೈಯಲ್ಲಿ, ಅದೇ ಸೀಟಿನ ಮೇಲೆ ಮತ್ತೆ ಕೂಡಲು ಆಗುತ್ತದೆಯೇ ಎಂಬುದೇ ದೂರದ ಪ್ರಯಾಣದ ನಿಜವಾದ ಪರೀಕ್ಷೆ. ನನ್ನ ಬಳಿ ತರಬೇತಿಗೆ ಬಂದವರಲ್ಲಿ ಅರ್ಧಕ್ಕೆ ಮರಳಿದವರು ಬಹುಮಟ್ಟಿಗೆ ಮೂರನೆಯ ಅಥವಾ ನಾಲ್ಕನೆಯ ದಿನವೇ ಮರಳಿದ್ದಾರೆ, ಮತ್ತು ಅವರನ್ನು ಕೈಬಿಟ್ಟದ್ದು ಕಾಲುಗಳಲ್ಲ. ಕುಂಡೆಯ ಚರ್ಮ, ಮೊಣಕಾಲು ಮತ್ತು ಅಂಗೈ. ಆದ್ದರಿಂದ ನಿಮ್ಮ ಅಭ್ಯಾಸವನ್ನು ಒಂದು ದಿನದ ದೂರದ ಮೇಲಲ್ಲ, ಸಾಲು ದಿನಗಳ ಮೇಲೆ ಕಟ್ಟಬೇಕು.

ಮೊದಲ ತಿಂಗಳು ವಾರದ ಐದು ದಿನ ಈಗಿನ 20 ಕಿ.ಮೀ. ಹಾಗೆಯೇ ಇರಲಿ, ಶನಿವಾರ ಮತ್ತು ಭಾನುವಾರ ಎರಡೂ ದಿನ 40ರಂತೆ ಹೋಗಿರಿ. ವಾರದ ಒಟ್ಟು ದೂರವನ್ನು ನೂರಕ್ಕೆ ಹತ್ತರಷ್ಟು ಮಾತ್ರ ಹೆಚ್ಚಿಸುತ್ತ, ಪ್ರತಿ ನಾಲ್ಕನೆಯ ವಾರ ಇಳಿಸಿ ಮೈಗೆ ವಿಶ್ರಾಂತಿ ಕೊಡಿರಿ. ಮೂರನೆಯ ತಿಂಗಳಿನಿಂದ ಪ್ರವಾಸಕ್ಕೆ ಒಯ್ಯುವ ಚೀಲಗಳನ್ನೇ ಕ್ಯಾರಿಯರ್‌ಗೆ ತೂಗುಹಾಕಿ, 10-12 ಕಿಲೋ ಹೊರೆಯೊಂದಿಗೆ ತುಳಿಯಬೇಕು. ಹೊರೆಯಿದ್ದಾಗ ಬ್ರೇಕ್ ಹಿಡಿಯುವ ಅಂತರ, ತಿರುವಿನಲ್ಲಿ ವಾಲುವ ರೀತಿ ಎಲ್ಲವೂ ಬದಲಾಗುತ್ತವೆ. ಬೆನ್ನಿಗೆ ಮಾತ್ರ ಏನನ್ನೂ ಕಟ್ಟಿಕೊಳ್ಳಬೇಡಿರಿ.

ಆಗಸ್ಟ್‌ನಲ್ಲಿ ಒಮ್ಮೆ ನಾಲ್ಕು ದಿನ ಅಂಗಡಿ ಬಿಡಿರಿ. ಮೊದಲ ದಿನ ಇಳಕಲ್ಲಿನಿಂದ ಹುನಗುಂದ, ಅಮೀನಗಡ, ಐಹೊಳೆ, ಪಟ್ಟದಕಲ್ಲು ಮಾರ್ಗವಾಗಿ ಬಾದಾಮಿ. ಎರಡನೆಯ ದಿನ ರಾಮದುರ್ಗದ ಮೇಲೆ ಸವದತ್ತಿ. ಉಳಿದೆರಡು ದಿನ ಅದೇ ದಾರಿಯಲ್ಲಿ ಹಿಂದಕ್ಕೆ. ಮಳೆಗಾಲದಲ್ಲಿ ನಮ್ಮ ಬಯಲಿನ ಮೇಲೆ ಪಡುವಣ ಗಾಳಿ ಬಲವಾಗಿ ಬೀಸುವುದರಿಂದ ಹೋಗುವ ಎರಡೂ ದಿನ ಅದು ಎದೆಗೆ ಎದುರಾಗುತ್ತದೆ. ಎದುರುಗಾಳಿಯಲ್ಲಿ ವೇಗಕ್ಕೆ ಹಟ ಹಿಡಿಯದೆ, ಗೇರು ಇಳಿಸಿ, ಪೆಡಲ್ ನಿಮಿಷಕ್ಕೆ 75-80 ಸುತ್ತು ತಿರುಗುವಂತೆ ನೋಡಿಕೊಳ್ಳುವುದನ್ನು ಇಲ್ಲಿಯೇ ಕಲಿಯಬೇಕು. ಭಾರದ ಗೇರಿನಲ್ಲಿ ಒತ್ತಿ ತುಳಿಯುವವರ ಮೊಣಕಾಲು ಬೇಗ ಕೆಡುತ್ತದೆ. ಏರಿನ ಅಭ್ಯಾಸಕ್ಕೆ ಬಾಗಲಕೋಟೆಯ ನೆಲ ಸಾಲದು. ಮಳೆ ಇಳಿದ ಮೇಲೆ ಬೆಳಗಾವಿಗೆ ಹೋಗಿ, ಸಾವಂತವಾಡಿ ಕಡೆಯಿಂದ ಅಂಬೋಲಿ ಘಟ್ಟವನ್ನು ಹೊರೆಯೊಂದಿಗೆ ಒಮ್ಮೆಯಾದರೂ ಏರಿ ಬನ್ನಿರಿ.

ಸೀಟಿನ ಎತ್ತರವನ್ನು ಇಂದೇ ಪರೀಕ್ಷಿಸಿರಿ. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲಿನಲ್ಲಿ ಬೇಕಾದಷ್ಟೇ ಬಾಗು ಉಳಿಯುತ್ತದೆ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ಸಾಮಾನ್ಯವಾಗಿ ತಗ್ಗಾಗಿರುತ್ತದೆ, ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿರುತ್ತದೆ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬದಲಿಸಬೇಡಿರಿ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಅದನ್ನು ಕಡೆಗಣಿಸಬಾರದು. ಅಂಗೈಯ ಅಂಚಿನ ನರ ಹ್ಯಾಂಡಲ್ಲಿಗೆ ಒತ್ತಿಕೊಂಡು ಹೀಗಾಗುತ್ತದೆ. ನನ್ನ ಮೊದಲ ದೀರ್ಘ ಪ್ರಯಾಣದಲ್ಲಿ ಇದನ್ನು ಅಲಕ್ಷಿಸಿದ್ದರಿಂದ, ಮನೆಗೆ ಬಂದು ಹಲವು ವಾರಗಳವರೆಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗಿತ್ತು. ಹ್ಯಾಂಡಲ್ ಸ್ವಲ್ಪ ಎತ್ತರಿಸಿ, ಕೈಯಿಡುವ ಜಾಗವನ್ನು ಆಗಾಗ ಬದಲಿಸುತ್ತಿರಿ. ಮೆತ್ತೆಯಿರುವ ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಬೇಡ, ಅದರ ಹೊಲಿಗೆಯೇ ಚರ್ಮವನ್ನು ತರಚುತ್ತದೆ. ಎರಡು ಚಡ್ಡಿಗಳಿದ್ದರೆ ದಿನವೂ ಒಂದನ್ನು ಒಗೆದು ಒಣಗಿಸಬಹುದು. ಹೊರಡುವ ಮುನ್ನ ವೈದ್ಯರಲ್ಲಿ ರಕ್ತದೊತ್ತಡ, ಸಕ್ಕರೆ ಮತ್ತು ಹೃದಯದ ತಪಾಸಣೆ ಮಾಡಿಸಿಕೊಳ್ಳುವುದು ನಿಮ್ಮ ವಯಸ್ಸಿನಲ್ಲಿ ಕಡ್ಡಾಯ.

ಇನ್ನು ದಾರಿ. ಶ್ರೀನಗರದಿಂದ ಕನ್ಯಾಕುಮಾರಿಗೆ ರಾಷ್ಟ್ರೀಯ ಹೆದ್ದಾರಿ 44ರ ಉದ್ದ 3,700 ಕಿ.ಮೀ. ದಾಟುತ್ತದೆ; ಅದು ನಾಗಪುರ, ಹೈದರಾಬಾದ್ ಮೂಲಕ ಸಾಗುತ್ತದೆ. ನಿಮಗೆ ಇನ್ನೊಂದು ದಾರಿಯಿದೆ, ಮತ್ತು ನಾನಾದರೆ ಅದನ್ನೇ ಆರಿಸುತ್ತಿದ್ದೆ. ಲುಧಿಯಾನದವರೆಗೆ 44ರಲ್ಲಿ ಬಂದು, ಸಂಗ್ರೂರಿನಲ್ಲಿ ಹೆದ್ದಾರಿ 52 ಹಿಡಿದರೆ ಹಿಸಾರ್, ಜೈಪುರ, ಕೋಟಾ, ಇಂದೋರ್, ಧುಳೆ, ಸೊಲ್ಲಾಪುರ ದಾಟಿ ವಿಜಯಪುರಕ್ಕೆ ಬರುತ್ತೀರಿ. ಅಲ್ಲಿಂದ ಹೆದ್ದಾರಿ 50 ನಿಮ್ಮ ಇಳಕಲ್ಲಿನ ಮೇಲೆಯೇ ಹೊಸಪೇಟೆ, ಚಿತ್ರದುರ್ಗಕ್ಕೆ ಹೋಗುತ್ತದೆ, ಮುಂದೆ ಬೆಂಗಳೂರಿನಲ್ಲಿ ಮತ್ತೆ 44 ಸಿಗುತ್ತದೆ. ಒಟ್ಟು ದೂರದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಪ್ರಯಾಣದ ಮೂರನೆಯ ಎರಡು ಭಾಗ ಮುಗಿದು ದೇಹ ಸವೆದಿರುವ ಹೊತ್ತಿಗೆ ಸ್ವಂತ ಮನೆಯಲ್ಲಿ ಎರಡು ರಾತ್ರಿ ಮಲಗುವುದು, ಸವೆದ ಟೈರು ಬದಲಿಸುವುದು ಎಷ್ಟು ದೊಡ್ಡ ಅನುಕೂಲವೆಂಬುದು ಆಗ ತಿಳಿಯುತ್ತದೆ. ಆದರೆ ಮನೆಯಲ್ಲಿ ಮೂರನೆಯ ರಾತ್ರಿ ಉಳಿಯಬೇಡಿರಿ.

ದಿನಕ್ಕೆ ಸರಾಸರಿ 90 ಕಿ.ಮೀ. ಹಿಡಿದರೆ 41-42 ದಿನಗಳ ತುಳಿತ, ವಾರಕ್ಕೊಂದು ಬಿಡುವು ಸೇರಿ 48 ದಿನ. 120ಕ್ಕೆ ಹೋದರೆ ಬಿಸಿಲಲ್ಲೂ ಕತ್ತಲಲ್ಲೂ ರಸ್ತೆಯ ಮೇಲಿರಬೇಕಾಗುತ್ತದೆ. ಬೆಳಕು ಹರಿದ ಮೇಲೆ ಹೊರಟು ಸಂಜೆ ನಾಲ್ಕರೊಳಗೆ ಊರು ಸೇರುವ ನಿಯಮವನ್ನು ಯಾವ ಕಾರಣಕ್ಕೂ ಮುರಿಯಬೇಡಿರಿ. ಕಾಶ್ಮೀರದ ಹೆದ್ದಾರಿಯಲ್ಲಿ ಬನಿಹಾಲ್ ಮತ್ತು ಚೆನಾನಿಯ ಸುರಂಗಗಳು ತಲಾ ಎಂಟೊಂಬತ್ತು ಕಿ.ಮೀ. ಉದ್ದವಿವೆ, ಹಿಂದಿನ ದಿನವೇ ಸಂಚಾರ ಪೊಲೀಸರನ್ನು ವಿಚಾರಿಸಿ, ಅಷ್ಟು ದೂರವನ್ನು ಸೈಕಲ್ ಸಮೇತ ವಾಹನದಲ್ಲಿ ದಾಟುವುದೇ ಲೇಸು. ನೀವು ಆರಿಸಿದ ತಿಂಗಳು ಸರಿಯಾಗಿದೆ: ಕಾಶ್ಮೀರದ ಹಿಮಕ್ಕೂ ಉತ್ತರದ ದಟ್ಟ ಮಂಜಿಗೂ ಮುನ್ನ ಕೆಳಗಿಳಿದಿರುತ್ತೀರಿ, ದಖ್ಖನ್ನಿನಲ್ಲಿ ಆಗ ಮೂಡಗಾಳಿ ಇರುತ್ತದೆ. ತಮಿಳುನಾಡಿನಲ್ಲಿ ಮಾತ್ರ ನವೆಂಬರ್ ಹಿಂಗಾರು ಮಳೆಯ ಕಾಲವಾದ್ದರಿಂದ ಚೀಲದೊಳಗಿನ ಪ್ರತಿಯೊಂದು ವಸ್ತುವೂ ಪ್ಲಾಸ್ಟಿಕ್ ಹಾಳೆಯಲ್ಲಿರಲಿ.

ಆಹಾರದ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ದಿನಗಟ್ಟಲೆ ಕೆಡುವುದಿಲ್ಲ. ಬೆಲ್ಲ, ಅಂಟು, ಒಣಹಣ್ಣುಗಳಿರುವ ಅಮೀನಗಡದ ಕರದಂಟು ಜೇಬಿನಲ್ಲಿ ಇಟ್ಟುಕೊಳ್ಳಲು ಹೇಳಿ ಮಾಡಿಸಿದ ತಿನಿಸು. ಹಸಿವಾಗುವವರೆಗೆ ಕಾಯದೆ ಗಂಟೆಗೊಮ್ಮೆ ಸ್ವಲ್ಪ ತಿನ್ನಿರಿ. ನೀರು ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಬೇಕು, ಆದರೆ ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ಅತಿಯಾಗಿ ಕುಡಿಯುವುದು ಅಪಾಯಕಾರಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕದಡಿಕೊಳ್ಳಿರಿ.

ಪಂಕ್ಚರ್ ಹಾಕುವುದನ್ನು ಕಣ್ಣು ಮುಚ್ಚಿ ಮಾಡುವಷ್ಟು ರೂಢಿಸಿಕೊಳ್ಳಬೇಕು. ನಮ್ಮಲ್ಲಿ ಜಾಲಿಮುಳ್ಳು ಹೇಗೋ ಹೆದ್ದಾರಿಗಳಲ್ಲಿ ಹಾಗೆ ಲಾರಿ ಟೈರು ಸಿಡಿದಾಗ ಉದುರುವ ಕೂದಲೆಳೆಯಂಥ ಉಕ್ಕಿನ ತಂತಿ. ಅದು ಟೈರಿನಲ್ಲಿ ಉಳಿದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ, ಆದ್ದರಿಂದ ಟೈರಿನ ಒಳಮೈಯಲ್ಲಿ ಹತ್ತಿಯನ್ನು ಸವರಿ, ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ನೋಡಿ, ಇಕ್ಕಳದಿಂದ ಕೀಳಬೇಕು. ಎರಡು ಟ್ಯೂಬ್, ಪಂಪು, ಬ್ರೇಕ್ ರಬ್ಬರು, ಚೈನ್ ಬಿಚ್ಚುವ ಸಾಧನ ಮತ್ತು ಆರು ಕಡ್ಡಿಗಳು ಜೊತೆಗಿರಲಿ. ಹಿಂದಿನ ಚಕ್ರದ ಎಡಬಲ ಕಡ್ಡಿಗಳ ಉದ್ದ ಬೇರೆಬೇರೆಯಿರುವುದರಿಂದ ಎರಡನ್ನೂ ಅಳೆದು ಕೊಳ್ಳಿರಿ.

ಸೈಕಲನ್ನು ರೈಲಿನ ಪಾರ್ಸೆಲ್‌ನಲ್ಲಿ ಕಳುಹಿಸುವಾಗ ಪೆಡಲ್ ಬಿಚ್ಚುವ ಮೊದಲು ನೆನಪಿಡಿರಿ, ಎಡ ಪೆಡಲಿನ ತಿರುಪು ವಿರುದ್ಧ ದಿಕ್ಕಿನದು. ಬಲವಂತ ಮಾಡಿದರೆ ತಿರುಪಿನ ಹಲ್ಲು ಸವೆದುಹೋಗುತ್ತದೆ. ಶ್ರೀನಗರದಲ್ಲಿ ಜೋಡಿಸಿದ ದಿನವೇ ಹೊರಡಬೇಡಿರಿ. ಪೂರ್ತಿ ಹೊರೆಯೊಂದಿಗೆ ದಾಲ್ ಸರೋವರದ ದಂಡೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಸೀಟು, ಹ್ಯಾಂಡಲ್, ಕ್ಯಾರಿಯರ್‌ಗಳ ತಿರುಪುಗಳನ್ನೆಲ್ಲ ಮತ್ತೊಮ್ಮೆ ಬಿಗಿದು, ಮರುದಿನ ಬೆಳಕು ಹರಿದ ಮೇಲೆ ದಕ್ಷಿಣಕ್ಕೆ ಹೊರಡಿರಿ.