ಮಂಜು ಕರಗಿದ ಮೇಲೆ ಹೊರಡಿ

'ಪ್ರಕೃತಿಯ ಮಡಿಲಿಗೆ ಹೋಗಿ ಬನ್ನಿ, ಮನಸ್ಸು ಹಗುರಾಗುತ್ತದೆ' ಎಂಬ ಸಲಹೆಯನ್ನು ಬೆಂಗಳೂರಿನಲ್ಲಿ ಕುಳಿತು ಕೊಡುವುದು ಸುಲಭ. ಕೊಡಗಿನಲ್ಲಿ ಮನಸ್ಸಿನ ತೊಂದರೆಗೆ ಸಲಹೆ ಕೇಳಲು ನನ್ನೆದುರು ಬಂದು ಕೂರುವವರಲ್ಲಿ ಹೆಚ್ಚಿನವರು ಆ ಮಡಿಲಿನಲ್ಲೇ ಹುಟ್ಟಿದವರು. ಅದೇ ಮಣ್ಣಿನ ಮೇಲೆ ಬ್ಯಾಂಕಿನ ಸಾಲ ಎತ್ತಿದವರು. ಅವರನ್ನು ಇನ್ನೆಲ್ಲಿಗೆ ಹೋಗಿ ಬನ್ನಿ ಎನ್ನುವುದು?

ಈ ಪ್ರಕರಣದ ವ್ಯಕ್ತಿಯನ್ನು ಪೂವಯ್ಯ ಎಂದಿಟ್ಟುಕೊಳ್ಳೋಣ. ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ಮೂವತ್ತೈದರ ಆಸುಪಾಸು. ತಂದೆಗೆ ಕಾಯಿಲೆಯಾದಾಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವರು. ಹಿಂದಿನ ವರ್ಷದ ಮಳೆಗಾಲದಲ್ಲಿ ತಂದೆ ತೀರಿಕೊಂಡರು. ಕಾಫಿ ತೋಟ, ಕಾಳುಮೆಣಸು, ಪಾಳು ಬಿದ್ದ ಗದ್ದೆ, ಮೂರು ಕೋಣೆಗಳ ಹೋಂಸ್ಟೇ, ತಾಯಿ, ಸಾಲ ಎಲ್ಲವೂ ಒಟ್ಟಿಗೆ ಇವರ ತಲೆಗೆ ಬಂದವು.

ನವೆಂಬರ್ ಕೊನೆಯಲ್ಲಿ, ಅರೇಬಿಕಾ ಕುಯ್ಲು ಶುರುವಾದ ಹೊತ್ತಿನಲ್ಲಿ ಬಂದರು. 'ಅವ್ವ ಹಟ ಹಿಡಿದರು, ಅದಕ್ಕೇ ಬಂದೆ ಮೇಡಂ' ಎಂಬುದೇ ಮೊದಲ ಮಾತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಬೆಳಗ್ಗೆ ಹತ್ತಾದರೂ ಹಾಸಿಗೆ ಬಿಡಲು ಆಗುವುದಿಲ್ಲ. ಊಟ ಸೇರುವುದಿಲ್ಲ. ಕಾರ್ಮಿಕರ ವಾರದ ಲೆಕ್ಕ ಬರೆಯಲು ಕೂತರೆ ಅಂಕಿಗಳು ತಲೆಗೆ ಹೋಗುವುದಿಲ್ಲ. ಅತಿಥಿಗಳಿಗೆ ತಿಂಡಿ ಮಾಡಿಕೊಟ್ಟು, ಲೈನ್‌ಮನೆಗಳಲ್ಲಿರುವ ತೋಟದ ಕಾರ್ಮಿಕರನ್ನು ಕೆಲಸಕ್ಕೆ ಹಚ್ಚಿ, ಕಣದಲ್ಲಿ ಕಾಫಿ ಹರವಿಸುವುದು ಎಲ್ಲವೂ ತಾಯಿಯ ಪಾಲು.

ನಡುವೆ ಒಂದು ಮಾತು ಹೇಳಿದರು. 'ನಮ್ಮ ಜಗಲಿಯಲ್ಲಿ ನಿಂತು ಮಂಜಿನ ಫೋಟೊ ತೆಗೆಯಲು ಜನ ದುಡ್ಡು ಕೊಟ್ಟು ಬರುತ್ತಾರೆ. ಅದೇ ಜಗಲಿಯಲ್ಲಿ ನಾನು ನಿಂತರೆ, ಇವತ್ತು ಕಣಕ್ಕೆ ಬಿಸಿಲು ಬೀಳುವುದು ಎಷ್ಟು ಹೊತ್ತಿಗೆ ಎಂಬುದಷ್ಟೇ ತಲೆಯಲ್ಲಿ ಓಡುತ್ತದೆ.'

ಚಳಿಗಾಲಕ್ಕೂ ಖಿನ್ನತೆಗೂ ನಂಟಿದೆ ಎಂದು ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದರು. ನಂಟು ಇರುವುದು ನಿಜ. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಋತುಮಾನದ ಖಿನ್ನತೆಯನ್ನು ವಿವರಿಸಿದರು. ಆದರೆ ಅದು ಚಳಿಗಾಲದಲ್ಲಿ ಹಗಲು ತೀರಾ ಕಿರಿದಾಗುವ ಉತ್ತರದ ದೇಶಗಳಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆ. ನಮ್ಮಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ಮೀರಿರುತ್ತದೆ. ಕೊಡಗಿನ ಕತ್ತಲೆಯ ಕಾಲ ಯಾವುದು ಎಂದು ಕೇಳಿದರೆ ಇಲ್ಲಿನ ಯಾವ ಅಜ್ಜಿಯೂ ಕಕ್ಕಡ ಎನ್ನುತ್ತಾಳೆ: ಜುಲೈ-ಆಗಸ್ಟ್, ಸೂರ್ಯನ ಮುಖ ಕಾಣದೆ ಬಟ್ಟೆ ಒಲೆಯ ಮೇಲೆ ಒಣಗುವ ತಿಂಗಳು. ಪೂವಯ್ಯನವರ ಕುಸಿತ ಶುರುವಾದದ್ದು ಆ ಮಳೆ ಬಿಡುವ ಹೊತ್ತಿಗೆ, ಸೆಪ್ಟೆಂಬರಿನಲ್ಲಿ. ಹಾಗಾಗಿ ನಮ್ಮ ಚಳಿಗಾಲ ಅವರಿಗೆ ಶತ್ರುವಲ್ಲ, ಕೈಗೆ ಸಿಕ್ಕಿದ ಅನುಕೂಲ. ಮಂಜು ಕರಗಿದ ಮೇಲೆ ಸಂಜೆಯವರೆಗೂ ಬಿಸಿಲಿದೆ. ಅದನ್ನು ಬಳಸಿಕೊಳ್ಳೋಣ ಎಂದೆ.

ಅದಕ್ಕೂ ಮೊದಲು ಬೇರೆ ಕೆಲಸವಿತ್ತು. 'ಬದುಕುವುದೇ ಬೇಡ ಎನಿಸಿದ್ದಿದೆಯೇ?' ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಮನೆಯವರು ಹೆದರುತ್ತಾರೆ, ಹಾಗಾಗುವುದಿಲ್ಲ. ಬೆಳಗ್ಗೆ ಎದ್ದೇಳದಿದ್ದರೂ ಆದೀತು ಎನಿಸುತ್ತದೆ, ಆದರೆ ಏನನ್ನೂ ಮಾಡಿಕೊಳ್ಳುವ ಯೋಚನೆಯಿಲ್ಲ ಎಂದರು. ಕೊಡವರ ಮನೆಯಲ್ಲಿ ಕೋವಿ ಇರುವುದು ಸಾಮಾನ್ಯ. ಪರವಾನಗಿಯಿಂದ ವಿನಾಯಿತಿಯೂ ಉಂಟು. ಅದಕ್ಕೆ ಪೂಜೆ ಸಲ್ಲುತ್ತದೆ, ಅದರ ವಿಷಯವನ್ನು ಹೊರಗಿನವರು ಎತ್ತುವುದು ಮುಜುಗರದ ಸಂಗತಿ. ನಾನು ಎತ್ತುತ್ತೇನೆ. ಕಪಾಟಿನ ಕೀಲಿ ತಾಯಿಯ ಬಳಿ, ತೋಟಾಗಳು ಬೇರೆ ಮನೆಯಲ್ಲಿರುವ ದೊಡ್ಡಪ್ಪನ ಬಳಿ, ಕೀಟನಾಶಕದ ಕೋಣೆಗೆ ಬೀಗ ಎಂದು ತಾಯಿ ಮಗ ಇಬ್ಬರ ಎದುರಿಗೇ ಮಾತಾಯಿತು. ದೊಡ್ಡಪ್ಪ ಒಂದೂ ಪ್ರಶ್ನೆ ಕೇಳದೆ ಒಪ್ಪಿಕೊಂಡರಂತೆ. ಮನೋವೈದ್ಯರ ಬಳಿ ಕಳುಹಿಸಿದೆ. ಅವರು ರಕ್ತಪರೀಕ್ಷೆ ಮಾಡಿಸಿ ಮಾತ್ರೆ ಶುರು ಮಾಡಿದರು. ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ಕೆಟ್ಟರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಮೊಬೈಲಿನಲ್ಲೂ ಹಾಕಿಸಿದೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಇಷ್ಟು ಆಗದೆ ಹಕ್ಕಿ, ಮಂಜು, ಇಬ್ಬನಿ ಎಂದು ನಾನು ಮಾತು ತೆಗೆಯುವುದಿಲ್ಲ.

ಆಮೇಲೆ ಕೊಟ್ಟ ಸಲಹೆ ಕೇಳಲು ತೀರಾ ಸಪ್ಪೆ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂರಬೇಕು. ಮೊಬೈಲ್ ಮನೆಯಲ್ಲಿರಲಿ. ತೋಟದ ಕೆಲಸ ಕಾಣದ ಜಾಗವಾಗಿರಲಿ. ಮನೆಗೆ ಬಂದು ಮೂರು ಸಾಲು ಬರೆಯಬೇಕು: ಏನು ಕಂಡಿತು, ಏನು ಕೇಳಿಸಿತು, ಮೈಗೆ ಏನು ತಾಗಿತು. ಅದರಿಂದ ಕಲಿತದ್ದೇನು ಎಂದು ಬರೆಯಕೂಡದು. ಮನಸ್ಸು ಬಂದಾಗ ಹೋಗುತ್ತೇನೆ ಎಂದರೂ ಆಗದು, ಏಕೆಂದರೆ ಖಿನ್ನತೆಯಲ್ಲಿ ಮನಸ್ಸು ಬರುವುದೇ ಇಲ್ಲ. ಮೊದಲು ಕಾಲು ಹೋಗಬೇಕು, ಹಿಂದಿನಿಂದ ಮನಸ್ಸು ಬರುತ್ತದೆ. ಚಟುವಟಿಕೆಯಿಂದ ಶುರುಮಾಡುವ ಈ ಬಗೆಯ ಚಿಕಿತ್ಸೆಗೆ ಒಳ್ಳೆಯ ಪುರಾವೆ ಇದೆ.

ನಿಸರ್ಗದ ವಿಷಯಕ್ಕೆ ಬಂದರೆ ಪುರಾವೆ ಅಷ್ಟು ಗಟ್ಟಿಯಲ್ಲ, ಇಲ್ಲವೆಂದೂ ಅಲ್ಲ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಗ್ರೆಗರಿ ಬ್ರಾಟ್‌ಮನ್ ತಂಡ ಕೆಲವರನ್ನು ಗಿಡಮರಗಳ ನಡುವೆಯೂ ಕೆಲವರನ್ನು ವಾಹನಗಳ ರಸ್ತೆಯಲ್ಲೂ 90 ನಿಮಿಷ ನಡೆಸಿತು. ಮೊದಲ ಗುಂಪಿನವರಲ್ಲಿ ತಮ್ಮ ಬಗ್ಗೆಯೇ ಕೊರಗುತ್ತ ಅದನ್ನೇ ಮೆಲುಕು ಹಾಕುವುದು ಕಡಿಮೆಯಾಯಿತು. ಅವರೆಲ್ಲ ಆರೋಗ್ಯವಂತರು ಎಂಬುದನ್ನು ಮರೆಯಬಾರದು. ಆದರೂ ರಾತ್ರಿ ಮೂರಕ್ಕೆ ಎದ್ದು ಹಳೆಯದನ್ನು ಕೆದಕುವವರಿಗೆ ಪ್ರಯತ್ನಿಸಲು ಅಡ್ಡಿಯಿಲ್ಲ.

'ಬೆಳಗ್ಗೆ ಐದೂವರೆಗೇ ಹೋಗಲೇ? ಮಂಜಿನಲ್ಲಿ ನಡೆದರೆ ಒಳ್ಳೆಯದಂತೆ' ಎಂದು ಕೇಳಿದರು. ಬೇಡವೇ ಬೇಡ ಎಂದೆ. ತೋಟಗಳಲ್ಲಿ ಆನೆ ತಂಗುವ ಊರಿನಲ್ಲಿ ಮುಂಜಾವಿನ ಮಂಜಿನ ನಡಿಗೆ ಧ್ಯಾನವಲ್ಲ, ದುಡುಕು. ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಮಂಜು ಕರಗಿ ಬಿಸಿಲು ನೆಲ ಮುಟ್ಟಿದ ಮೇಲೆ, ಎಂಟರ ನಂತರ, ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆನೆಯ ಸುದ್ದಿ ನೋಡಿಕೊಂಡು ಹೊರಡಬೇಕು. ಎಂಟಕ್ಕೆ ಹೊರಡಬೇಕಾದರೆ ಏಳೂವರೆಗೆ ಹಾಸಿಗೆ ಬಿಡಬೇಕು. ನನಗೆ ಬೇಕಿದ್ದದ್ದೂ ಅದೇ.

ಅವರು ಆರಿಸಿಕೊಂಡದ್ದು ಪಾಳು ಗದ್ದೆಯ ಕೆಳಗಿನ ತೋಡಿನ, ಅಂದರೆ ಸಣ್ಣ ತೊರೆಯ, ದಂಡೆ. ಮೊದಲ ವಾರದ ಸಾಲುಗಳು ನನ್ನ ಬಳಿ ಇವೆ. 'ಚಳಿ. ನೀರಿನ ಸದ್ದು. ಏನೂ ಇಲ್ಲ.' ಮರುದಿನವೂ ಅದೇ. ಎರಡನೆಯ ವಾರ ಒಂದು ಹಕ್ಕಿ ಬಂತು: 'ಬೂದು ಬೆನ್ನು, ಹಳದಿ ಹೊಟ್ಟೆ. ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಲೇ ಇದೆ. ಕಲ್ಲಿನಿಂದ ಕಲ್ಲಿಗೆ ಹೋದರೂ ನಿಲ್ಲಿಸುವುದಿಲ್ಲ.' ಅದು ಬೂದು ಸಿಪಿಲೆ. ಹಿಮಾಲಯದಲ್ಲೂ ಅದರಾಚೆಯ ಉತ್ತರದ ನಾಡುಗಳಲ್ಲೂ ಮರಿ ಮಾಡಿ, ಚಳಿಗಾಲ ಕಳೆಯಲು ನಮ್ಮ ತೊರೆಗಳಿಗೆ ಬರುತ್ತದೆ. ಹುಟ್ಟಿದಾಗಿನಿಂದ ಕಂಡಿದ್ದರೂ ಅದು ಇಲ್ಲಿಯದೇ ಎಂದುಕೊಂಡಿದ್ದರಂತೆ. 'ಇದಕ್ಕೆ ನಮ್ಮ ತೋಡೇ ಬೇಕಾಯಿತೇ ಮೇಡಂ?' ಎಂದು ಕೇಳಿದಾಗ ದನಿಯಲ್ಲಿ ಕುತೂಹಲವಿತ್ತು. ಬಂದ ದಿನದಿಂದ ಅವರು ಕುತೂಹಲದಿಂದ ನನ್ನನ್ನು ಏನನ್ನೂ ಕೇಳಿರಲಿಲ್ಲ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಕುಟುಂಬದ ಮೂಲ ಮನೆಯಾದ ಐನ್‌ಮನೆಗೆ ಹೋಗುವುದಿಲ್ಲ ಎಂದಿದ್ದರು. ಅಪ್ಪನಿಲ್ಲದೆ, ಸ್ವಂತ ಗದ್ದೆಯಲ್ಲಿ ಪೈರಿಲ್ಲದೆ ಯಾವ ಮುಖ ಹೊತ್ತು ಹೋಗುವುದು ಎಂಬ ಅಳುಕು. ಹೋಗಲೇಬೇಕು ಎಂದು ನಾನು ಒತ್ತಾಯಿಸಲಿಲ್ಲ. ಹೊಸ ಭತ್ತದ ಕದಿರು ತೆಗೆಯುವ ಹೊತ್ತಿಗಷ್ಟೇ ಹೋಗಿ, ಊಟಕ್ಕೆ ನಿಲ್ಲದೆ ಬಂದರೂ ಸರಿ ಎಂದೆ. ದಾಯಾದಿಗಳ ಗದ್ದೆಯಲ್ಲಿ ಕದಿರು ತೆಗೆದರು. ಪದ್ಧತಿಯಂತೆ ಗುಂಡು ಹಾರಿಸಿದ್ದು ದೊಡ್ಡಪ್ಪನ ಮಗ. 'ಪೊಲಿ ಪೊಲಿ ದೇವಾ' (ಬೆಳೆ ಹೆಚ್ಚಲಿ ದೇವರೇ) ಎನ್ನುವಾಗ ಇವರ ಗಂಟಲು ಕಟ್ಟಿತು. ಆದರೂ ಊಟ ಮುಗಿಸಿಯೇ ಬಂದರು.

ಜನವರಿಯಲ್ಲಿ ಮನೆಯಿಂದ ಒಂದು ಹಳೆಯ ದಪ್ಪ ಪುಸ್ತಕ ತಂದರು. ತಂದೆಯ ಮಳೆಯ ಲೆಕ್ಕ. ಕೊಡಗಿನ ತೋಟದ ಮನೆಗಳಲ್ಲಿ ಮಳೆಮಾಪಕವಿಟ್ಟು, ಇಂಚು-ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ) ದಿನದ ಮಳೆ ಬರೆದಿಡುವ ರೂಢಿ ಬಹಳ ಹಳೆಯದು. ಅಪ್ಪ ಎಲ್ಲಾದರೂ ತನ್ನ ಬಗ್ಗೆ ಒಂದು ಮಾತು ಬರೆದಿರಬಹುದೇ ಎಂದು ಮಗ ರಾತ್ರಿಯೆಲ್ಲ ಹಾಳೆ ತಿರುಗಿಸಿದ್ದರು. ಇದ್ದದ್ದು ಬರೀ ಅಂಕಿ. ಇವರಿಗೆ ಕೆಲಸ ಸಿಕ್ಕ ದಿನ, 1 ಇಂಚು 20 ಸೆಂಟು. ತಂಗಿಯ ಮದುವೆಯ ದಿನ, ಸೊನ್ನೆ. ಅದನ್ನು ಹೇಳುತ್ತ ಪೂವಯ್ಯ ನಕ್ಕರು, ನಗುತ್ತಲೇ ಅತ್ತರು. ನಾನು ಸುಮ್ಮನಿದ್ದೆ. ಈಗ ಅದೇ ಪುಸ್ತಕದಲ್ಲಿ ಮುಂದುವರಿಸುತ್ತಿದ್ದಾರೆ. ಚಳಿಗಾಲದಲ್ಲಿ ಮಳೆಯ ಕಾಲಂ ತುಂಬ ಸೊನ್ನೆಗಳೇ. ಪಕ್ಕದ ಷರಾ ಕಾಲಂನಲ್ಲಿ ಇವರ ಮೂರು ಸಾಲು: ಹಾಲುವಾಣದ ಮರ ಎಲೆ ಉದುರಿಸಿ ಕೆಂಪು ಹೂ ಬಿಟ್ಟದ್ದು, ಅದಕ್ಕೆ ಮುಗಿಬಿದ್ದ ಪಿಕಳಾರ ಹಕ್ಕಿಗಳ ಜಗಳ.

ಒಮ್ಮೆ ಕಾಫಿ ಮೊಗ್ಗಿನ ಮಾತು ಬಂತು. ಮೊಗ್ಗು ಎಲೆಯ ಬುಡದಲ್ಲಿ ಕಟ್ಟಿ, ಒಣಹವೆಯಲ್ಲಿ ವಾರಗಟ್ಟಲೆ ಬೆಳೆಯದೆ ನಿಲ್ಲುತ್ತದೆ. ಹೂ ಅರಳಿಸುವ ಹೂಮಳೆ ಒಂದಿಂಚು ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆ ಒಣಗಿನ ಕಾಲ ಸಿಗದಿದ್ದರೆ ಹೂವು ಒಟ್ಟಿಗೆ ಅರಳುವುದಿಲ್ಲ. 'ನಾನೂ ಹಾಗೆಯೇ ಎನ್ನುತ್ತೀರಿ, ಅಲ್ಲವೇ?' ಎಂದು ಕಣ್ಣು ಕಿರಿದು ಮಾಡಿದರು. 'ಇಲ್ಲ. ಕಾಫಿ ಗಿಡ ಮಾತ್ರೆ ತಪ್ಪಿಸುವುದಿಲ್ಲ, ನೀವು ಹೋದ ವಾರ ಎರಡು ದಿನ ತಪ್ಪಿಸಿದ್ದೀರಿ' ಎಂದೆ.

ಈ ಮಾತು ಆಡಿದ್ದಕ್ಕೆ ಕಾರಣವಿದೆ. ಪ್ರಕೃತಿ ಪಾಠ ಹೇಳುವ ಮೇಷ್ಟರೆಂದು ನಂಬಿದವರಿಗೆ ಅದು ಕೈಕೊಟ್ಟ ದಿನ ನಿಲ್ಲಲು ನೆಲವಿರುವುದಿಲ್ಲ. ಆ ತಿಂಗಳ ಕೊನೆಗೆ ಅಕಾಲದ ಮಳೆ ಸುರಿದು, ಕಣದಲ್ಲಿದ್ದ ಕಾಫಿ ನೆನೆದು, ಕುಯ್ಲು ಮುಗಿಯದ ಗಿಡದಲ್ಲೇ ಹೂ ಒಡೆಯಿತು. ಪೂವಯ್ಯ ಮತ್ತೆ ಮೂರು ದಿನ ಕೋಣೆ ಸೇರಿದರು. ಕೆಟ್ಟ ವಾರ ಬಂದೇ ಬರುತ್ತದೆ ಎಂದು ಮೊದಲೇ ಕಾಗದದಲ್ಲಿ ಬರೆದಿಟ್ಟಿದ್ದೆವು: ಮಾತ್ರೆ, ಎರಡು ಹೊತ್ತು ಊಟ, ದೊಡ್ಡಪ್ಪನಿಗೆ ಒಂದು ಕರೆ, ಅರ್ಧ ಗಂಟೆಯ ಬದಲು ಐದು ನಿಮಿಷ ಹೊರಗೆ. ನಾಲ್ಕನೆಯ ದಿನ ಎದ್ದರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಮಾತ್ರ ನಾನು ತೊರೆಯ ದಂಡೆಯನ್ನು ಸೂಚಿಸುವುದಿಲ್ಲ. ನೀರಿನ ಸದ್ದಿಗೇ ಎದೆ ಹಾರುವವರಿದ್ದಾರೆ. ಅವರ ದಾರಿ ಬೇರೆ.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ನಿದ್ದೆ ಐದೂವರೆಯವರೆಗೆ ಹೋಗಿದೆ. ಪಾಳು ಗದ್ದೆಯ ಒಂದು ತುಂಡನ್ನು ಬರುವ ಮಳೆಗಾಲಕ್ಕೆ ಉಳುವ ಮಾತಾಡುತ್ತಾರೆ. ಕಳೆದ ಸಲ ಬಂದಾಗ ಹೊಸ ಯೋಜನೆ ತಂದಿದ್ದರು: ತೋಡಿನ ದಂಡೆಗೆ ಅತಿಥಿಗಳನ್ನು ಕರೆದೊಯ್ದು ಕೂರಿಸುವುದು, ಹೋಂಸ್ಟೇಯ ಪ್ಯಾಕೇಜಿಗೆ ಅದನ್ನೂ ಸೇರಿಸುವುದು. ಅವರಿಗೆ ಯೋಜನೆ ಹೊಳೆದದ್ದೇ ನನಗೆ ಖುಷಿ. ಆದರೂ ಈ ವರ್ಷ ಬೇಡ, ಆ ಜಾಗ ನಿಮ್ಮೊಬ್ಬರಿಗೇ ಇರಲಿ ಎಂದೆ. ಸಾಲದ ಕಂತಿನ ಲೆಕ್ಕ ಹೇಳಿ ವಾದಿಸಿದರು. ಹೊರಗೆ ಬೆಂಚಿನ ಮೇಲಿದ್ದ ತಾಯಿಗೆ ಎಲ್ಲವೂ ಕೇಳಿಸಿರಬೇಕು. ಬಾಗಿಲಿಗೆ ಬಂದು, 'ಬೇಕಾದರೆ ಬೇರೆ ಕಲ್ಲು ತೋರಿಸಲಿ ಮೇಡಂ, ನಮ್ಮ ತೋಡಿನಲ್ಲಿ ಕಲ್ಲಿಗೇನು ಬರವೇ?' ಎಂದರು.