‘ಮನೆಯಲ್ಲೇ ಹಮ್ಮಸ್’ ಲೇಖನ ಕಳಿಸಿದವರಿಗೆ

ಪ್ರಿಯ ಸಹೋದರಿ, ನಮಸ್ಕಾರ.

ಕಾಬೂಲಿ ಕಡಲೆ ಬೇಯಿಸಿ ನುಣ್ಣಗೆ ರುಬ್ಬಿ ಮಾಡುವ ಹಮ್ಮಸ್ ಬಗ್ಗೆ ವಿಜಯಪುರದಿಂದ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೂ ಕೈಬಿಡಲು ಮನಸ್ಸಾಗುತ್ತಿಲ್ಲ. ಕೊನೆಯ ಪುಟದಲ್ಲಿ ನಿಮ್ಮ ಅತ್ತೆಯವರು ಹಮ್ಮಸ್ ಮೇಲೆ ರಂಜಕ, ಅಂದರೆ ನಮ್ಮ ಕೆಂಪು ಮೆಣಸಿನಕಾಯಿ ಚಟ್ನಿ, ಹಾಕಿಕೊಂಡು ಖಡಕ್ ರೊಟ್ಟಿ ಮುರಿದು ತಿಂದದ್ದನ್ನು ಬರೆದಿದ್ದೀರಲ್ಲ, ಆ ನಾಲ್ಕು ಸಾಲು ಚೆನ್ನಾಗಿವೆ.

ಮೊದಲ ಒಂದೂವರೆ ಪುಟ ತೆಗೆದುಬಿಡಿ. ಪ್ರೋಟೀನ್, ನಾರಿನಂಶದ ಮಾತು ಎಲ್ಲರೂ ಬರೆದಾಗಿದೆ. ಲೆಬನಾನ್, ಸಿರಿಯಾ, ಪ್ಯಾಲೆಸ್ತೀನ್ ಕಡೆಯ ದಿನನಿತ್ಯದ ತಿನಿಸು ಎಂದರೆ ಸಾಕು.

ಇಷ್ಟೆಲ್ಲ ಹೇಳಿ ಅಡುಗೆಗೆ ಬಂದಾಗ ‘ಕಾಬೂಲಿ ಕಡಲೆ ನೆನೆಸಿ, ಬೇಯಿಸಿ, ರುಬ್ಬಿ’ ಎಂದು ಒಂದೇ ಉಸಿರಿಗೆ ಮುಗಿಸಿದ್ದೀರಿ. ಹಮ್ಮಸ್ ಕೆಡುವುದೇ ಅಲ್ಲಿ. ಕಾಳು ರಾತ್ರಿಯಿಡೀ ನೆನೆಯಬೇಕು. ಬೇಯಿಸುವಾಗ ಒಂದು ಕಪ್ಪಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿದರೆ ಸಿಪ್ಪೆ ಬಿಟ್ಟು ಮೇಲೆ ತೇಲುತ್ತದೆ, ಕಾಳೂ ಬೇಗ ಮೆತ್ತಗಾಗುತ್ತದೆ. ಉಸಳಿಯ ಹದ ಇದಕ್ಕೆ ಸಾಲದು. ಎರಡು ಬೆರಳಲ್ಲಿ ಹಿಡಿದರೆ ಹಿಟ್ಟಾಗಬೇಕು. ಅಷ್ಟು ಬೇಯದಿದ್ದರೆ ಮಿಕ್ಸರ್ ಎಷ್ಟು ತಿರುಗಿದರೂ ತರಿ ಹೋಗದು.

ಹಮ್ಮಸ್‌ಗೆ ಬೆರೆಸುವ ತಾಹಿನಿ, ಅಂದರೆ ಎಳ್ಳು ರುಬ್ಬಿದ ಮುದ್ದೆ, ಸಿಗದಿದ್ದರೆ ಶೇಂಗಾ ಪುಡಿ ಹಾಕಿ ಎಂದಿದ್ದೀರಿ. ಒಪ್ಪಲಾರೆ. ಸಂಕ್ರಾಂತಿಗೆ ಬಿಳಿ ಎಳ್ಳು ತರದ ಮನೆ ನಮ್ಮ ಕಡೆ ಎಲ್ಲಿದೆ? ಸಣ್ಣ ಉರಿಯಲ್ಲಿ ಹುರಿದು, ಕೆಂಪಗಾಗುವ ಮೊದಲೇ ಇಳಿಸಿ, ಸ್ವಲ್ಪ ಎಣ್ಣೆ ಬಿಟ್ಟು ನುಣ್ಣಗೆ ರುಬ್ಬಿದರೆ ತಾಹಿನಿಯೇ ಆಯಿತು. ಹೆಚ್ಚು ಹುರಿದರೆ ಕಹಿ. ಲಿಂಬೆರಸ ಬಿದ್ದೊಡನೆ ಅದು ಬಿಗಿದುಕೊಳ್ಳುತ್ತದೆ, ಹೊಸಬರು ಗಾಬರಿಯಾಗುವುದು ಆಗಲೇ. ತಣ್ಣೀರನ್ನು ಚಮಚ ಚಮಚವಾಗಿ ಹಾಕುತ್ತ ಹೋದರೆ ಬೆಳ್ಳಗೆ ಸಡಿಲಾಗುತ್ತದೆ ಎಂದು ಬರೆದು ಧೈರ್ಯ ಕೊಡಿ. ಬೆಳ್ಳುಳ್ಳಿಯನ್ನು ಲಿಂಬೆರಸದಲ್ಲೇ ಜಜ್ಜಿದರೆ ಹಸಿ ಘಾಟು ತಗ್ಗುತ್ತದೆ, ಅದೂ ಬರಲಿ. ನಿಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನ ಲಿಂಬೆ ಪಕ್ಕದಲ್ಲೇ ಇರುವಾಗ ಬಾಟಲಿ ರಸ ಹಾಕಲು ಹೇಳಿದ್ದು ನನಗಂತೂ ಬೇಸರ ತಂದಿತು.

ಚಾಕೊಲೇಟ್, ಪಿಜ್ಜಾ ಎಂದು ರುಚಿಗಳ ಉದ್ದ ಪಟ್ಟಿ ಇದೆ. ನೀವು ಮಾಡಿ ತಿಂದದ್ದನ್ನಷ್ಟೇ ಉಳಿಸಿ. ರಂಜಕದಲ್ಲಿ ಹುಳಿ, ಬೆಳ್ಳುಳ್ಳಿ ಮೊದಲೇ ಇರುತ್ತವೆ. ಹಾಗಾದರೆ ಹಮ್ಮಸ್‌ಗೆ ಅವನ್ನು ಎಷ್ಟು ಕಡಿಮೆ ಹಾಕಿದಿರಿ? ಗುರೆಳ್ಳು ಚಟ್ನಿಯನ್ನು ಮೇಲೆ ಉದುರಿಸಿದಿರೋ, ಒಳಗೆ ಕಲಸಿದಿರೋ? ಕಲಸಿದರೆ ಬಣ್ಣ ಕಪ್ಪಾಗುತ್ತದೆ, ಅದನ್ನು ಮುಚ್ಚಿಡಬೇಡಿ. ಮೊದಲ ತುತ್ತಿಗೆ ಅತ್ತೆಯವರು ಏನಂದರು? ಅವರ ಮಾತನ್ನು ಅವರಾಡಿದ ಹಾಗೆಯೇ ಬರೆಯಿರಿ, ಗ್ರಾಂಥಿಕಕ್ಕೆ ತಿರುಗಿಸಬೇಡಿ.

ತಿದ್ದಿದ ಪ್ರತಿ ಎರಡು ಪುಟ ಮೀರದಿರಲಿ. ನನ್ನ ಹೆಸರಿಗೇ ಕಳಿಸಿ.

ಸಂಪಾದಕ